ಅಪ್ಪನದಲ್ಲದ ಜಹಗೀರು

ನಮ್ಮ ಸಾಹಿತ್ಯದ ವೇದಿಕೆಗಳಲ್ಲಿ ಬಹಳ ಅಗ್ಗವಾಗಿ ಸಿಗುವ ಒಂದು ಮಾತಿದೆ: ‘ಸಾಹಿತ್ಯ ಯಾರಪ್ಪನ ಜಹಗೀರೂ ಅಲ್ಲ.’ ಪ್ರಶಸ್ತಿಯ ಗದ್ದಲ ಎದ್ದಾಗ, ಸಮ್ಮೇಳನದ ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದಾಗ, ಹೊಸಬರ ಕವಿತೆಗೆ ಹಿರಿಯರು ಮೂಗು ಮುರಿದಾಗ ಈ ಮಾತು ಬಂದೇ ಬರುತ್ತದೆ. ಸಾಹಿತ್ಯ ಎಂಬಲ್ಲಿ ಭಾಷೆ, ವಿಮರ್ಶೆ, ಸಂಸ್ಕೃತಿ, ಹೊರನಾಡಿನ ಕನ್ನಡ ಸಂಘ, ಏನನ್ನು ಬೇಕಾದರೂ ಹಾಕಿಕೊಳ್ಳಬಹುದು. ವಾಕ್ಯ ಕೆಡುವುದಿಲ್ಲ. ಚಪ್ಪಾಳೆಯೂ ತಪ್ಪುವುದಿಲ್ಲ.

ಇಷ್ಟು ಸುಲಭಕ್ಕೆ ಚಪ್ಪಾಳೆ ಗಿಟ್ಟಿಸುವ ಮಾತನ್ನು ಒಮ್ಮೆ ತಿರುಗಿಸಿ ನೋಡಬೇಕು ಎನ್ನುವುದು ನನ್ನ ಕಸುಬು ಕಲಿಸಿದ ಅಭ್ಯಾಸ. ಪ್ರಾಜೆಕ್ಟ್ ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸುವ ವಾಕ್ಯದೊಳಗೇ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ ಅಡಗಿರುತ್ತದೆ. ಇಲ್ಲಿ ಅಂಥ ಪ್ರಶ್ನೆ ಜಹಗೀರು ಎಂಬ ಶಬ್ದದಲ್ಲಿದೆ. ನಾವು ಅದನ್ನು ‘ಅಪ್ಪನ’ ಎಂಬ ವಿಶೇಷಣದ ಜೊತೆ ಅಂಟಿಸಿ ಇಟ್ಟಿದ್ದೇವೆ. ಆದರೆ ಆ ಶಬ್ದ ಚಲಾವಣೆಗೆ ಬಂದ ಕಾಲದಲ್ಲಿ ಜಹಗೀರು ಅಪ್ಪನಿಂದ ಮಗನಿಗೆ ಬರುವ ವಸ್ತುವೇ ಆಗಿರಲಿಲ್ಲ. ಬರಬಾರದು ಎನ್ನುವುದೇ ಅದರ ನಿಯಮವಾಗಿತ್ತು.

ಮೊದಲು ಶಬ್ದ. ಇದು ಪಾರಸಿಯ ‘ಜಾಯ್’ ಮತ್ತು ‘ಗೀರ್’ ಸೇರಿ ಆದದ್ದು. ಜಾಯ್ ಅಂದರೆ ಸ್ಥಳ. ಗೀರ್ ಅಂದರೆ ಹಿಡಿಯುವ, ಹಿಡಿದುಕೊಂಡಿರುವ. ಜಾಗೀರ್ ಅಂದರೆ ಜಾಗ ಹಿಡಿದದ್ದು. ಇಲ್ಲಿ ‘ಜಾಗ’ ಎಂದು ಬರೆದೆನಲ್ಲ, ಅದೂ ಇದೇ ಮನೆಯ ಕೂಸು; ಪಾರಸಿಯ ‘ಜಾಯ್‌ಗಾಹ್’ ಹಿಂದೂಸ್ತಾನಿ, ಮರಾಠಿಗಳಲ್ಲಿ ಸವೆದು ನಮ್ಮಲ್ಲಿಗೆ ‘ಜಾಗ’ ಆಗಿ ಬಂತು. ಬಸ್ಸಿನಲ್ಲಿ ಟವೆಲ್ ಹಾಸಿ ಜಾಗ ಹಿಡಿಯುವವನು ವ್ಯುತ್ಪತ್ತಿಯ ಪ್ರಕಾರ ಅಪ್ಪಟ ಜಾಗೀರದಾರ. ಇನ್ನು ಗೀರ್ ಎಂಬುದನ್ನು ನಾವು ಬಾದಶಾಹರ ಬಿರುದುಗಳಲ್ಲಿ ಕೇಳಿದ್ದೇವೆ. ಜಹಾನ್ ಅಂದರೆ ಜಗತ್ತು, ಅದನ್ನು ಹಿಡಿದವನು ಜಹಾಂಗೀರ್. ಆಲಮ್ ಅಂದರೂ ಜಗತ್ತೇ, ಅದನ್ನು ಹಿಡಿದವನು ಆಲಂಗೀರ್, ಅಂದರೆ ಜಹಾಂಗೀರನ ಮೊಮ್ಮಗ ಔರಂಗಜೇಬ. ಅಜ್ಜ, ಮೊಮ್ಮಗ ಇಬ್ಬರೂ ಜಗತ್ತು ಹಿಡಿದರು. ಅವರ ಚಾಕರಿಯವರಿಗೆ ಹಿಡಿಯಲು ಸಿಕ್ಕಿದ್ದು ಒಂದಿಷ್ಟು ಜಾಗ. ಕನ್ನಡದ ‘ಜಹಗೀರು’ ರೂಪದಲ್ಲಿ ನಡುವೆ ಕೂತಿರುವ ಹಕಾರ ಮರಾಠಿಯ ‘ಜಹಾಗೀರ’ದಲ್ಲೂ ಇದೆ. ಹೈದರಾಬಾದಿನ ಕಡೆಯ ಕನ್ನಡದಲ್ಲಿ ಹಕಾರ ಇಲ್ಲದ ಜಾಗೀರೇ ಹೆಚ್ಚು ಕೇಳುತ್ತದೆ.

ಹಿಡಿಯುವುದಕ್ಕೂ ಹೊಂದುವುದಕ್ಕೂ ವ್ಯತ್ಯಾಸವಿದೆ. ಬಸ್ಸಿನ ಸೀಟು ನಮ್ಮದಲ್ಲ, ಇಳಿಯುವ ತನಕ ಹಿಡಿದುಕೊಂಡಿರುತ್ತೇವೆ ಅಷ್ಟೆ. ಮೊಗಲರ ಆಡಳಿತದಲ್ಲಿ ಜಾಗೀರು ಸುಮಾರಾಗಿ ಇದೇ ಅರ್ಥದಲ್ಲಿ ನಡೆಯಿತು. 1570ರ ದಶಕದಲ್ಲಿ ಅಕ್ಬರ್ ತನ್ನ ಅಧಿಕಾರಿಗಳನ್ನು ಮನ್ಸಬು ಎಂಬ ದರ್ಜೆಗಳಲ್ಲಿ ಕೂರಿಸಿದ. ದರ್ಜೆಗೆ ಎರಡು ಅಂಕಿ. ‘ಜಾತ್’ ಎನ್ನುವುದು ಆತನ ಸ್ವಂತ ಸಂಬಳ, ಸ್ಥಾನವನ್ನು ಹೇಳುತ್ತಿತ್ತು. ‘ಸವಾರ್’ ಎನ್ನುವುದು ಆತ ಸಾಕಬೇಕಾದ ಕುದುರೆ ಪಡೆಯನ್ನು. ಇವೆರಡನ್ನೂ ಲೆಕ್ಕ ಹಾಕಿ ವರ್ಷಕ್ಕೆ ಇಷ್ಟು ಎಂದು ಸಂಬಳ ಗೊತ್ತಾಗುತ್ತಿತ್ತು. ಕೆಲವರಿಗೆ ಅದನ್ನು ಖಜಾನೆಯಿಂದ ನಗದಾಗಿ ಕೊಡುತ್ತಿದ್ದರು. ಹೆಚ್ಚಿನವರಿಗೆ, ‘ಇಂಥಿಂಥ ಪರಗಣೆಗಳ ಕಂದಾಯ ನಿನ್ನ ಸಂಬಳಕ್ಕೆ ಸಮ, ಅಲ್ಲಿಂದ ವಸೂಲು ಮಾಡಿಕೋ’ ಎಂದು ಬರೆದುಕೊಡುತ್ತಿದ್ದರು. ಈ ಬರಹವೇ ಜಾಗೀರು. ಸಂಬಳಕ್ಕೆ ಬದಲಾಗಿ ಕೊಟ್ಟದ್ದನ್ನು ‘ತನ್‌ಖ್ವಾಹ್ ಜಾಗೀರು’ ಎಂದೇ ಕರೆಯುತ್ತಿದ್ದರು. ತನ್‌ಖ್ವಾಹ್ ಅಂದರೆ ಏನೆಂದು ಮುಂಬಯಿ, ದಿಲ್ಲಿ, ಹೈದರಾಬಾದುಗಳ ಕನ್ನಡಿಗರಿಗೆ ಹೇಳಬೇಕಿಲ್ಲ. ತಿಂಗಳ ಕೊನೆಗೆ ನಾವೆಲ್ಲ ಕಾಯುವುದು ಅದಕ್ಕೇ.

ಈ ವ್ಯವಸ್ಥೆಯ ಒಳಹೊಕ್ಕರೆ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಯದ ಊರಿಗೆ ಬಂದಂತಾಗುತ್ತದೆ. ಕಾಗದದ ಮೇಲಿನ ಕಂದಾಯಕ್ಕೆ ‘ಜಮಾ’ ಎಂದು ಹೆಸರು, ಕೈಗೆ ನಿಜವಾಗಿ ಸಿಗುವುದಕ್ಕೆ ‘ಹಾಸಿಲ್’ ಎಂದು. ಆಫರ್ ಲೆಟರಿನ ಸಿಟಿಸಿಗೂ ಬ್ಯಾಂಕಿಗೆ ಬೀಳುವ ದುಡ್ಡಿಗೂ ಇರುವ ಅಂತರ ಇದೇ. ಷಾಜಹಾನನ ಕಾಲಕ್ಕೆ ಈ ಅಂತರ ಎಷ್ಟು ದೊಡ್ಡದಾಯಿತೆಂದರೆ ಜಾಗೀರುಗಳನ್ನು ತಿಂಗಳ ಲೆಕ್ಕದಲ್ಲಿ ವಿಂಗಡಿಸಬೇಕಾಯಿತು. ಜಮಾದಷ್ಟೂ ಹಾಸಿಲ್ ಬಂದರೆ ಹನ್ನೆರಡು ತಿಂಗಳ ಜಾಗೀರು, ಮೂರರಲ್ಲಿ ಎರಡು ಪಾಲು ಬಂದರೆ ಎಂಟು ತಿಂಗಳದ್ದು, ಅರ್ಧ ಬಂದರೆ ಆರು ತಿಂಗಳದ್ದು. ಸಾಲದ್ದಕ್ಕೆ ವರ್ಗಾವಣೆ ಬೇರೆ. ಒಂದು ಜಾಗೀರು ಒಬ್ಬನ ಕೈಯಲ್ಲಿ ಮೂರು ನಾಲ್ಕು ವರ್ಷಕ್ಕಿಂತ ಹೆಚ್ಚು ಉಳಿಯುವುದು ಅಪರೂಪವಾಗಿತ್ತು. ಆತ ಸತ್ತರೆ ಅದು ದರ್ಬಾರಿಗೆ ವಾಪಸು. ಮಗನಿಗೆ ಬೇಕಾದರೆ ಮಗನಿಗೇ ಒಂದು ಮನ್ಸಬು ಸಿಗಬೇಕು, ಅದಕ್ಕೆ ತಕ್ಕ ಜಾಗೀರು ಬೇರೆಲ್ಲೋ ಸಿಗಬೇಕು.

ಇನ್ನೊಂದು ಮಾತು. ಜಾಗೀರದಾರನಿಗೆ ಸಿಗುತ್ತಿದ್ದುದು ಕಂದಾಯ ಎತ್ತುವ ಹಕ್ಕೇ ಹೊರತು ಭೂಮಿಯಲ್ಲ. ಊರಿನಲ್ಲಿ ತಲೆಮಾರುಗಳಿಂದ ಬೇರುಬಿಟ್ಟ ಜಮೀನ್ದಾರ ಬೇರೆ, ದರ್ಬಾರಿನ ಚೀಟಿ ಹಿಡಿದು ಬಂದ ಜಾಗೀರದಾರ ಬೇರೆ. ಒಬ್ಬನು ಊರಿನವನು, ಇನ್ನೊಬ್ಬನು ಊರಿಗೆ ಬಂದವನು. ನಮ್ಮ ಕಥೆ ಕಾದಂಬರಿಗಳಲ್ಲಿ ಇವರಿಬ್ಬರೂ ಒಂದೇ ಪೇಟ, ಒಂದೇ ಮೀಸೆ ಹೊತ್ತು ಬರುತ್ತಾರೆ.

ಹಾಗಾದರೆ ಅಪ್ಪನಿಂದ ಮಗನಿಗೆ ಬರುವುದಕ್ಕೆ ಆಗ ಶಬ್ದವೇ ಇರಲಿಲ್ಲವೆ? ಇತ್ತು. ದಖ್ಖಣದಲ್ಲಿ ಅದಕ್ಕೆ ‘ವತನ’ ಎನ್ನುತ್ತಿದ್ದರು. ಅರಬ್ಬಿಯಲ್ಲಿ ವತನ್ ಅಂದರೆ ಹುಟ್ಟಿದ ನೆಲ. ನಮ್ಮ ಕಡೆ ಅದರ ಅರ್ಥ ವಂಶಕ್ಕೆ ಅಂಟಿಬಂದ ಹುದ್ದೆ, ಅದರ ಜೊತೆಗಿನ ಭೂಮಿ, ಆಯ, ಮಾನಮರ್ಯಾದೆ. ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ ಎಲ್ಲರೂ ವತನದಾರರು. ರಾಜ್ಯಗಳು ಬಂದವು, ಹೋದವು, ವತನ ಅಲುಗಲಿಲ್ಲ. ರಜಪೂತ ಅರಸರು ಮೊಗಲರ ಸೇವೆಗೆ ಸೇರಿದಾಗ ಅವರ ಮೂಲ ಸೀಮೆಯನ್ನು ಅವರಿಗೇ ಬಿಡಬೇಕಾಗಿ ಬಂತು. ಆಗಲೂ ಅದನ್ನು ಬರೀ ಜಾಗೀರು ಎನ್ನದೆ ‘ವತನ್ ಜಾಗೀರು’ ಎಂದು ಬೇರೆ ಹೆಸರಿಟ್ಟು ಗುರುತಿಸಿದರು. ಅಂದರೆ ಬೈಗುಳ ಕರಾರುವಾಕ್ಕಾಗಿ ಇರಬೇಕಾದರೆ ‘ಇದೇನು ನಿಮ್ಮಪ್ಪನ ವತನವಾ?’ ಎಂದು ಕೇಳಬೇಕಿತ್ತು. ನಾವು ಹಾಗೆ ಕೇಳುವುದಿಲ್ಲ. ಹಿಂದಿಯವರೂ ‘ಬಾಪ್ ಕೀ ಜಾಗೀರ್’ ಎಂದೇ ಕೇಳುತ್ತಾರೆ.

ಜನರ ಬಾಯಲ್ಲಿ ಒಂದು ಮಾತು ನಿಂತಿದೆ ಎಂದರೆ ಅದರ ಹಿಂದೆ ಅನುಭವ ಇರುತ್ತದೆ. ನಿಯಮ ಹೇಗಿದ್ದರೂ ಹಿಡಿದವರು ಬಿಡಲಿಲ್ಲ ಎನ್ನುವುದೇ ಆ ಅನುಭವ. ಇದಕ್ಕೆ ನಮಗೆಲ್ಲ ಗೊತ್ತಿರುವ ಊರಿನ ಉದಾಹರಣೆಯೇ ಇದೆ. 1638ರಲ್ಲಿ ವಿಜಾಪುರದ ರಣದುಲ್ಲಾ ಖಾನನ ಸೈನ್ಯ ಬೆಂಗಳೂರನ್ನು ಗೆದ್ದಿತು. ಆ ದಂಡಿನಲ್ಲಿದ್ದ ಷಹಾಜಿ ಭೋಸಲೆಗೆ ಆದಿಲಶಾಹಿ ದರ್ಬಾರು ಬೆಂಗಳೂರನ್ನೂ ಸುತ್ತಲಿನ ಹೊಸಕೋಟೆ, ಕೋಲಾರದ ಸೀಮೆಗಳನ್ನೂ ಜಹಗೀರಾಗಿ ಕೊಟ್ಟಿತು. 1664ರಲ್ಲಿ ಷಹಾಜಿ ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ ತೀರಿಕೊಂಡ ಮೇಲೆ ಜಹಗೀರು ಮಗ ಏಕೋಜಿಯ ಕೈಗೆ ಹೋಯಿತು. ಅವನು ಮುಂದೆ ತಂಜಾವೂರು ಹಿಡಿದು ಅಲ್ಲಿಯ ಅರಸನಾದ. 1677ರಲ್ಲಿ ಶಿವಾಜಿ ದಕ್ಷಿಣಕ್ಕೆ ದಂಡೆತ್ತಿ ಬಂದಾಗ ಮಲತಮ್ಮನಾದ ಏಕೋಜಿಯ ಮುಂದೆ ಇಟ್ಟ ಬೇಡಿಕೆ ಏನು ಗೊತ್ತೆ? ಅಪ್ಪನ ಜಹಗೀರಿನಲ್ಲಿ ನನ್ನ ಪಾಲು.

ಈ ಪ್ರಸಂಗದ ಸೊಗಸು ಇನ್ನೊಂದು ಕಡೆ ಇದೆ. ಅದೇ ಶಿವಾಜಿ ತನ್ನ ರಾಜ್ಯದಲ್ಲಿ ಅಧಿಕಾರಿಗಳಿಗೆ ಜಹಗೀರು ಕೊಡುವುದನ್ನು ಒಪ್ಪುತ್ತಿರಲಿಲ್ಲ. ನಗದು ಸಂಬಳವೇ ಸರಿ ಎಂದು ನಂಬಿದವನು. ಜಹಗೀರು ಹಿಡಿದವನು ನಾಳೆ ತನಗೇ ಎದುರು ನಿಲ್ಲುತ್ತಾನೆಂದು ಅವನಿಗೆ ಅವನ ಮನೆತನದ ಚರಿತ್ರೆಯಿಂದಲೇ ತಿಳಿದಿತ್ತು. ಅವನ ಮಗ ರಾಜಾರಾಮನ ಕಾಲಕ್ಕೆ ಭೂಮಿ ಹಂಚುವುದು ಮತ್ತೆ ಶುರುವಾಗಿ, ಪೇಶ್ವೆಗಳ ಹೊತ್ತಿಗೆ ‘ಸರಂಜಾಮು’ ಎಂಬ ಹೆಸರಿನಲ್ಲಿ ವಂಶಪಾರಂಪರ್ಯವಾಗಿ ನಿಂತುಬಿಟ್ಟಿತು. ಬೆಂಗಳೂರಿನ ಗತಿ ಏನಾಯಿತೆಂದರೆ, 1687ರಲ್ಲಿ ಮೊಗಲರ ಕೈ ಸೇರಿ, ಅಲ್ಲಿಂದ ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರ ಪಾಲಾಯಿತು. ಚಾಕರಿಗೆಂದು ಕೊಟ್ಟದ್ದು ಪಿತ್ರಾರ್ಜಿತವಾಗಿ, ಆಮೇಲೆ ಮಾರಾಟದ ಸರಕಾಗಲು ಐವತ್ತು ವರ್ಷ ಸಾಕಾಯಿತು.

ಮುಂದಿನ ಕಾಲದಲ್ಲಿ ಇದೇ ರೂಢಿ. 1807ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ಸಿಕ್ಕಿತು, ಅದು ಅವರ ವಂಶಕ್ಕೇ. ಇಂದಿಗೂ ಯಳಂದೂರು ಅಷ್ಟು ಪುಟ್ಟ ತಾಲ್ಲೂಕಾಗಿ ಉಳಿದಿರುವುದರ ಹಿಂದೆ ಆ ಜಹಗೀರಿನ ಗಡಿಯಿದೆ. ನಿಜಾಮರ ಹೈದರಾಬಾದಿನಲ್ಲಿ ಹಳೆಯ ನಿಯಮದ ನೆರಳು ಕೊನೆಯತನಕ ಇತ್ತು. ಜಾಗೀರದಾರ ಸತ್ತಾಗ ಎಸ್ಟೇಟು ಲೆಕ್ಕಕ್ಕೆ ಸರಕಾರಕ್ಕೆ ಮರಳುತ್ತಿತ್ತು. ವಾರಸಾ ವಿಚಾರಣೆ ನಡೆದು, ನಜರಾನೆ ಸಂದಾಯವಾಗಿ, ಮಗನಿಗೆ ಹೊಸದಾಗಿ ಮಂಜೂರಾಗುತ್ತಿತ್ತು. ಕಾಗದದಲ್ಲಿ ಚಾಕರಿ, ವ್ಯವಹಾರದಲ್ಲಿ ಅಪ್ಪನ ಆಸ್ತಿ. ಬೀದರ, ಕಲಬುರಗಿ, ರಾಯಚೂರು ಸೀಮೆಗಳೂ ಸೇರಿದ್ದ ಆ ರಾಜ್ಯದ ಭೂಮಿಯಲ್ಲಿ ಸುಮಾರು ಮೂರನೇ ಒಂದು ಭಾಗ ಜಾಗೀರುಗಳಲ್ಲಿತ್ತು. 1949ರ ಆಗಸ್ಟಿನಲ್ಲಿ ಜಾಗೀರುಗಳನ್ನು ರದ್ದು ಮಾಡಿದರು. ನಮ್ಮ ಗಾದೆಮಾತು ನೆನಪಿಟ್ಟುಕೊಂಡಿರುವುದು ಈ ಕೊನೆಯ ಇನ್ನೂರು ಇನ್ನೂರೈವತ್ತು ವರ್ಷಗಳನ್ನು. ಆ ಮಟ್ಟಿಗೆ ಅದು ಸುಳ್ಳಲ್ಲ.

ನನ್ನ ತಕರಾರು ಗಾದೆಯ ಮೇಲಲ್ಲ, ಅದನ್ನು ವಿಮರ್ಶೆಯ ಅಳತೆಗೋಲು ಮಾಡಿಕೊಂಡಿರುವುದರ ಮೇಲೆ. ‘ಯಾರಪ್ಪನ ಜಹಗೀರೂ ಅಲ್ಲ’ ಎಂದಾಗ ತಪ್ಪೆಲ್ಲ ‘ಅಪ್ಪನ’ ಎಂಬುದರಲ್ಲಿದೆ ಎಂದಾಗುತ್ತದೆ. ವಂಶಪಾರಂಪರ್ಯ ಹೋದರೆ ಅನ್ಯಾಯವೂ ಹೋಗುತ್ತದೆ ಎಂಬ ಭರವಸೆ ಆ ಮಾತಿನಲ್ಲಿದೆ. ಆದರೆ ಜಹಗೀರು ಅಪ್ಪನದಲ್ಲದೆ ಇದ್ದ ಕಾಲದಲ್ಲಿ ಉಳುವವನ ಪಾಡು ಏನಿತ್ತು?

ಬುರ್ಹಾನಪುರದಲ್ಲಿ ಹುಟ್ಟಿದ ಭೀಮಸೇನ ಸಕ್ಸೇನ ಔರಂಗಜೇಬನ ದಖ್ಖಣದ ದಂಡಯಾತ್ರೆಗಳನ್ನು ಕಣ್ಣಾರೆ ಕಂಡು ಬರೆದವನು. ವರ್ಗಾವಣೆಯ ಭಯದಲ್ಲಿ ಜಾಗೀರದಾರರ ಆಳುಗಳು ಹೇಗೆ ರೈತರನ್ನು ಹಿಂಡುತ್ತಿದ್ದರು ಎಂದು ಅವನು ದಾಖಲಿಸಿದ್ದಾನೆ. ಮುಂದಿನ ವರ್ಷ ಈ ಊರು ನಮ್ಮ ಕೈಯಲ್ಲಿರುತ್ತದೋ ಇಲ್ಲವೋ, ಇರುವಾಗ ಬಾಚಿಕೊಂಡರಾಯಿತು. ಅದೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಫ್ರೆಂಚ್ ವೈದ್ಯ ಬರ್ನಿಯರ್ ಕೂಡ ಇದನ್ನೇ ಬರೆದ. ಯಾವಾಗ ಬಿಡಬೇಕಾಗುತ್ತದೋ ಗೊತ್ತಿಲ್ಲದವನು ಕಾಲುವೆ ಯಾಕೆ ತೋಡಿಸುತ್ತಾನೆ, ಕೆರೆ ಯಾಕೆ ಕಟ್ಟಿಸುತ್ತಾನೆ ಎಂಬುದು ಅವನ ವಾದ. ಬರ್ನಿಯರನಿಗೆ ಖಾಸಗಿ ಆಸ್ತಿಯ ಪರವಾಗಿ ತನ್ನ ದೇಶದವರಿಗೆ ಬುದ್ಧಿ ಹೇಳುವ ಉದ್ದೇಶವೂ ಇತ್ತು, ಆದ್ದರಿಂದ ಅವನ ಮಾತನ್ನು ಉಪ್ಪು ಹಚ್ಚಿಯೇ ನುಂಗಬೇಕು. ಆದರೂ 1963ರಲ್ಲಿ ಪ್ರಕಟವಾದ ಮೊಗಲ್ ಭಾರತದ ಕೃಷಿ ವ್ಯವಸ್ಥೆಯ ಕುರಿತ ತಮ್ಮ ಗ್ರಂಥದಲ್ಲಿ ಇರ್ಫಾನ್ ಹಬೀಬರು ಪಾರಸಿ ದಾಖಲೆಗಳನ್ನು ಜಾಲಾಡಿ ಬಂದು ನಿಂತದ್ದು ಬಹುಮಟ್ಟಿಗೆ ಇದೇ ತೀರ್ಮಾನದ ಹತ್ತಿರ.

ಅಪ್ಪನಿಂದ ಬಂದ ಜಹಗೀರು ತಲೆಮಾರುಗಟ್ಟಲೆ ತಿಂದಿತು. ಅಪ್ಪನದಲ್ಲದ ಜಹಗೀರು ಅವಸರದಲ್ಲಿ ತಿಂದಿತು. ಹೊಲದಲ್ಲಿದ್ದವನಿಗೆ ಎರಡರಲ್ಲೂ ಉಳಿದದ್ದು ಹೆಚ್ಚುಕಡಿಮೆ ಅಷ್ಟೇ.

ಇದನ್ನು ಸಾಹಿತ್ಯಕ್ಕೆ ಹೊಂದಿಸಿ ನೋಡಿ. ಒಂದೇ ಮನೆತನ, ಒಂದೇ ಊರು, ಒಂದೇ ಜಾತಿಯವರು ಪೀಠ ಹಿಡಿದು ಕೂತಾಗ ನಮಗೆ ಬೇಗ ಕಾಣುತ್ತದೆ, ಜಹಗೀರು ಎಂದು ಕೂಗುತ್ತೇವೆ. ಗೊತ್ತಾದ ಅವಧಿಗೆಂದು ಬಂದು ಸಮಿತಿಗಳಲ್ಲಿ ಕೂತು, ತಮ್ಮವರ ಪುಸ್ತಕ ಕೊಳ್ಳಿಸಿ, ತಮ್ಮವರಿಗೆ ಹಾರ ಹಾಕಿಸಿ ಎದ್ದುಹೋಗುವವರ ಬಗ್ಗೆ ನಮ್ಮಲ್ಲಿ ಶಬ್ದವಿಲ್ಲ. ಅವರಲ್ಲಿ ಯಾರಿಗೂ ಅದು ಅಪ್ಪನಿಂದ ಬಂದದ್ದಲ್ಲವಲ್ಲ! ಆದರೆ ಶಬ್ದದ ಮೂಲಾರ್ಥದಲ್ಲಿ ನಿಜವಾದ ಜಹಗೀರುದಾರರು ಅವರೇ. ಅವರ ನಂತರ ಯಾವ ಕೆರೆ ಉಳಿಯಿತು ಎಂದು ಕೇಳುವ ವಿಮರ್ಶೆ ನಮಗಿನ್ನೂ ಬೇಕಾಗಿದೆ.

ಜಹಗೀರು ಎಂಬ ಶಬ್ದ ಹಿಡಿದವನನ್ನು ಹೇಳುತ್ತದೆ. ಕನ್ನಡಕ್ಕೆ ಇದಕ್ಕಿಂತ ಹಳೆಯ, ತನ್ನದೇ ಆದ ಶಬ್ದಗಳಿದ್ದವು, ಅವು ಬೇರೆ ಸಂಗತಿಗಳನ್ನು ಹೇಳುತ್ತವೆ. ಸುಮಾರು 450ರ ಹಲ್ಮಿಡಿ ಶಾಸನವನ್ನು ನಾವು ಭಾಷೆಯ ಹೆಮ್ಮೆಯಾಗಿ ಓದುತ್ತೇವೆ. ಅದು ಮೂಲತಃ ಭೂದಾನದ ಕಾಗದ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಕೊಟ್ಟದ್ದಕ್ಕೆ ಅಲ್ಲಿ ಬಳಸಿದ ಶಬ್ದ ‘ಬಾಳ್ಗೞ್ಚು’, ಕತ್ತಿ ತೊಳೆದದ್ದು. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ‘ನೆತ್ತರುಗೊಡಗೆ’. ಕೆರೆ ಕಟ್ಟಿದವನಿಗೆ, ಅದನ್ನು ಕಾಪಾಡುವವನಿಗೆ ಕೊಟ್ಟದ್ದು ‘ಕೆರೆಗೊಡಗೆ’. ಈ ಶಬ್ದಗಳಲ್ಲಿ ಕೊಟ್ಟ ಕಾರಣ ಶಬ್ದದೊಳಗೇ ಇದೆ. ಯಾಕೆ ಸಿಕ್ಕಿತು ಎಂದು ಮೊಮ್ಮಗನನ್ನು ಕೇಳಿದರೆ ಶಬ್ದವೇ ಉತ್ತರ ಕೊಡುತ್ತದೆ: ನೆತ್ತರು, ಕೆರೆ.

ಆಮೇಲೆ ‘ಉಂಬಳಿ’. ಇದರ ಬುಡದಲ್ಲಿರುವುದು ಉಣ್ಣು ಧಾತು. ಉಂಬ ಎಂದರೆ ಉಣ್ಣುವ. ತೆರಿಗೆ ಇಲ್ಲದೆ ಉಣ್ಣಲು ಬಿಟ್ಟ ಭೂಮಿ ಉಂಬಳಿ. ಸಂಸ್ಕೃತದ ಕಡೆಯಿಂದ ‘ಭೋಗ’ವೂ ಇದೇ ದಾರಿ ಹಿಡಿದಿದೆ, ಭುಜ್ ಎಂದರೂ ಉಣ್ಣುವುದೇ. ಶಾಸನಗಳಲ್ಲಿ ಬರುವ ‘ಅಷ್ಟಭೋಗ’ ಒಂದು ಹಳ್ಳಿಯನ್ನು ಎಂಟು ಬಗೆಯಲ್ಲಿ ಉಣ್ಣುವ ಹಕ್ಕಿನ ಪಟ್ಟಿ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿಯ ಹಣದಿಂದ ಹಿಡಿದು ಮುಂದೆ ಹುಟ್ಟಬಹುದಾದ ಆದಾಯದ ತನಕ. ಇಂದು ಬೆಂಗಳೂರಿನಲ್ಲಿ ಮನೆಯನ್ನು ‘ಭೋಗ್ಯ’ಕ್ಕೆ ಹಾಕಿಕೊಳ್ಳುವವರ ಬಾಯಲ್ಲಿ ಇದರ ಬಾಲ ಉಳಿದಿದೆ.

ಉಂಬಳಿಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಅದು ಹಿಡಿಯುವ ಶೌರ್ಯದ ಮಾತಾಡುವುದಿಲ್ಲ, ಉಣ್ಣುವುದನ್ನು ಉಣ್ಣುವುದು ಎಂದೇ ಹೇಳುತ್ತದೆ. ಉಣ್ಣುವವನಿದ್ದಾನೆ ಎಂದಮೇಲೆ ಬೆಳೆಯುವವನು ಇರಲೇಬೇಕಲ್ಲ? ಅವನ ಶಬ್ದ ಎಲ್ಲಿದೆ? ಕನ್ನಡದಲ್ಲಿ ಅವನಿಗೆ ‘ಒಕ್ಕಲು’ ಎನ್ನುತ್ತಾರೆ. ಒಕ್ಕಲು ಎಂದರೆ ವಾಸ, ಮನೆ ಮಾಡಿಕೊಂಡು ಇರುವುದು, ಹಾಗೆ ಇದ್ದು ಬೇಸಾಯ ಮಾಡುವ ಕುಟುಂಬ. ಈ ಒಕ್ಕಲಿನಿಂದ ನಾವು ಮಾಡಿಕೊಂಡ, ಇವತ್ತಿಗೂ ಪತ್ರಿಕೆಗಳಲ್ಲಿ ಓದುವ ಕ್ರಿಯಾಪದ ಯಾವುದೆಂದರೆ ‘ಒಕ್ಕಲೆಬ್ಬಿಸು’. ಅಣೆಕಟ್ಟಿಗೆ, ವಿಮಾನ ನಿಲ್ದಾಣಕ್ಕೆ, ರಿಂಗ್ ರಸ್ತೆಗೆ, ಟೆಕ್ ಪಾರ್ಕಿಗೆ ಜನರನ್ನು ಏಳಿಸುವುದಕ್ಕೆ ಬೇರೆ ಶಬ್ದ ನಮ್ಮಲ್ಲಿ ಇಷ್ಟು ಚೆನ್ನಾಗಿ ಒದಗುವುದಿಲ್ಲ. ಪಡೆದವರಿಗೆ ಭಾಷೆ ಅಷ್ಟೊಂದು ನಾಮಪದಗಳನ್ನು ಕೊಟ್ಟಿತು. ಉತ್ತವನಿಗೆ ಸಿಕ್ಕಿದ್ದರಲ್ಲಿ ಹೆಚ್ಚು ಚಲಾವಣೆಯಲ್ಲಿ ಉಳಿದದ್ದು ಅವನನ್ನು ಏಳಿಸುವ ಈ ಕ್ರಿಯಾಪದ.

ನಮ್ಮ ಐತಿಹಾಸಿಕ ಕಾದಂಬರಿಗಳನ್ನು ಓದುವಾಗ ನನಗೆ ಈ ಕೊರತೆ ಎದ್ದು ಕಾಣುತ್ತದೆ. ಒಂದೆರಡರ ಹೆಸರು ಹೇಳಿ ಪ್ರಯೋಜನವಿಲ್ಲ, ಇದು ಪ್ರಕಾರದ ಚಾಳಿ. ಅರಸ ಮೆಚ್ಚುತ್ತಾನೆ, ಕೊರಳಿನ ಹಾರ ತೆಗೆದು ಕೊಡುತ್ತಾನೆ, ಜೊತೆಗೆ ಇಂಥ ಹಳ್ಳಿಯನ್ನು ಉಂಬಳಿಯಾಗಿಯೋ ಜಹಗೀರಾಗಿಯೋ ಘೋಷಿಸುತ್ತಾನೆ. ದರ್ಬಾರು ಜಯಘೋಷ ಮಾಡುತ್ತದೆ, ಅಧ್ಯಾಯ ಮುಗಿಯುತ್ತದೆ. ಮಾರನೆಯ ಬೆಳಿಗ್ಗೆ ಆ ಹಳ್ಳಿಯಲ್ಲಿ ಏನಾಯಿತು? ಹೊಸ ಯಜಮಾನನ ಆಳು ಕಣದ ಹತ್ತಿರ ಬಂದು ನಿಂತಾಗ ರಾಶಿಯ ಮುಂದಿದ್ದವರು ಏನು ಮಾತಾಡಿಕೊಂಡರು? ಆ ಅಧ್ಯಾಯ ಬರುವುದಿಲ್ಲ. ಹಳ್ಳಿ ಅಲ್ಲಿ ಒಂದು ಆಭರಣ, ಹಾರದ ಜೊತೆಗೆ ಕೊಟ್ಟ ಪದಕ.

ಆ ಅಧ್ಯಾಯ ಬರೆದವರು ಬೇರೆ ದಾರಿಯವರು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಅದರಲ್ಲಿ ಜಹಗೀರಿನ ಪ್ರಸ್ತಾಪವೇ ಬೇಕಾಗಿಲ್ಲ. ದಕ್ಷಿಣ ಕನ್ನಡದ ಭೂಮಿಯ ಭಾಷೆಯೇ ಬೇರೆ, ಅಲ್ಲಿಯದು ಮೂಲಗೇಣಿ, ಚಾಲಗೇಣಿಗಳ ಲೆಕ್ಕ. ಆದರೆ ಭೂಮಿಯ ಶಬ್ದಗಳ ಆಚೆ ನಿಂತವನು ಎಂದರೆ ಚೋಮ. ಅವನ ಹತ್ತಿರ ಎತ್ತುಗಳಿವೆ, ಉಳುವ ಆಸೆ ಇದೆ. ಧಣಿ ಸಂಕಪ್ಪಯ್ಯನಿಗೆ ಕೊಡಬಾರದೆಂದೇನೂ ಇಲ್ಲ, ಆದರೂ ಅಸ್ಪೃಶ್ಯನಿಗೆ ಬೇಸಾಯದ ಭೂಮಿ ಕೂಡದು ಎನ್ನುವ ಮನೆಯ ಸಂಪ್ರದಾಯವನ್ನು ಮೀರಲಾರ. ಚೋಮನಿಗೆ ಬೇಕಾಗಿದ್ದುದು ಹಿಡಿಯುವ ಹಕ್ಕೂ ಅಲ್ಲ, ಕೂತು ಉಣ್ಣುವ ಹಕ್ಕೂ ಅಲ್ಲ, ದುಡಿಯುವ ಹಕ್ಕು. ಒಕ್ಕಲು ಎನಿಸಿಕೊಳ್ಳುವುದು ಕೂಡ ಒಂದು ಮೇಲಿನ ಮೆಟ್ಟಿಲು ಎಂದು ತೋರಿಸಿದ ಕಾದಂಬರಿ ಅದು. ಕಯ್ಯೂರಿನ ರೈತರ ಹೋರಾಟವನ್ನು ಹೇಳುವ ನಿರಂಜನರ ‘ಚಿರಸ್ಮರಣೆ’ಯಲ್ಲಿ ನಾವು ಜನ್ಮಿಗಳನ್ನು ಎದುರಾಗುತ್ತೇವೆ. ಜನ್ಮಿ ಎಂಬ ಮಲಯಾಳದ ಶಬ್ದ ಏನನ್ನೂ ಮುಚ್ಚಿಡುವುದಿಲ್ಲ, ಹುಟ್ಟಿನಿಂದ ಬಂದದ್ದು ಎಂದೇ ಒಪ್ಪಿಕೊಳ್ಳುತ್ತದೆ. 1943ರಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರು ಎದುರಿಸಿದ್ದು ಆ ಶಬ್ದವನ್ನು. ಈ ಎರಡು ಕಾದಂಬರಿಗಳು ‘ಯಾರಪ್ಪನದು?’ ಎಂಬಲ್ಲಿಗೆ ನಿಲ್ಲುವುದಿಲ್ಲ. ಯಾರು ಉಳುತ್ತಾರೆ, ಯಾರು ಉಣ್ಣುತ್ತಾರೆ ಎಂದು ಕೇಳುತ್ತವೆ. ಅವು ಇವತ್ತಿಗೂ ಹಳತಾಗದಿರಲು ಇದೇ ಕಾರಣ ಎಂದು ನನ್ನ ಎಣಿಕೆ.

ಈ ಮಾತು ನಮ್ಮಂಥ ವಲಸಿಗರಿಗೆ ಯಾಕೆ ಮುಖ್ಯ ಎಂದು ಕೇಳಬಹುದು. ನಾನು ಕೆಲಸ ಮಾಡುವ ಹೈದರಾಬಾದಿನ ಪಶ್ಚಿಮ ಭಾಗವನ್ನೇ ತೆಗೆದುಕೊಳ್ಳಿ. ಗಾಜಿನ ಗೋಪುರಗಳು ಎದ್ದಿರುವ ರಾಯದುರ್ಗಂ ನೆಲ ಕಂದಾಯ ದಾಖಲೆಯಲ್ಲಿ ಇಂದಿಗೂ ರಾಯದುರ್ಗ್ ಪಾನ್‌ಮಕ್ತಾ, ರಾಯದುರ್ಗ್ ಪಾಯ್‌ಗಾ, ರಾಯದುರ್ಗ್ ನವ್‌ಖಾಲ್ಸಾ ಎಂದು ಹಂಚಿಕೊಂಡಿದೆ. ಮಕ್ತಾ ಎಂದರೆ ನಿಗದಿ ಮಾಡಿದ ಕಂದಾಯದ ಕರಾರಿನ ಹಳ್ಳಿ. ಪಾಯ್‌ಗಾ ಎಂದರೆ ನಿಜಾಮನ ಸೇನೆಗೆ ಪಡೆ ಒದಗಿಸುತ್ತಿದ್ದ ಶ್ರೀಮಂತ ಮನೆತನದ ಎಸ್ಟೇಟು. ಖಾಲ್ಸಾ ಎಂದರೆ ಸರಕಾರದ್ದು. ಸ್ವಲ್ಪ ದೂರದಲ್ಲಿ ಬಂಡ್ಲಗೂಡ ಜಾಗೀರ್ ಎಂಬ ಊರು ಜಾಗೀರನ್ನು ಹೆಸರಿಗೇ ಅಂಟಿಸಿಕೊಂಡು ಬೆಳೆದಿದೆ. ನಮ್ಮ ಕ್ಯಾಬುಗಳು ದಿನಾ ಈ ಶಬ್ದಗಳ ಮೇಲೆ ಓಡಾಡುತ್ತವೆ. ಈ ಪಟ್ಟಿಯಲ್ಲೂ ಉತ್ತವನ ಹೆಸರಿಲ್ಲ.

ಆ ಗೋಪುರಗಳಲ್ಲಿ ಕೂತಿರುವ ನಾವು ಯಾರು? ದರ್ಜೆಗೆ ತಕ್ಕ ಸಂಬಳ, ಮೂರು ವರ್ಷಕ್ಕೊಮ್ಮೆ ಬೇರೆ ಊರು, ಬೇರೆ ಪ್ರಾಜೆಕ್ಟು. ಪುಣೆಯ ನೀರು ಕುಡಿದೆವು, ಚೆನ್ನೈಗೆ ಹೋದೆವು. ಅಲ್ಲಿಯ ಕೆರೆ ಮುಚ್ಚಿದ ಬಡಾವಣೆಯಲ್ಲಿ ಮನೆ ಹಿಡಿದೆವು, ಹೈದರಾಬಾದಿಗೆ ಬಂದೆವು. ಯಾವ ಊರೂ ನಮ್ಮ ಅಪ್ಪನದಲ್ಲ, ನಿಜ. ಅದನ್ನು ನಾವು ವಿನಯದಿಂದ ಹೇಳಿಕೊಳ್ಳುತ್ತೇವೆ. ಆದರೆ ಭೀಮಸೇನ ಕಂಡ ಅವಸರ ನಮ್ಮಲ್ಲೂ ಇದೆ. ವಾರ್ಡಿನ ಕಾರ್ಪೊರೇಟರ್ ಯಾರೆಂದು ಗೊತ್ತಿಲ್ಲ, ಬೋರ್‌ವೆಲ್ ಬತ್ತಿದರೆ ಟ್ಯಾಂಕರ್, ಅದೂ ಬತ್ತಿದರೆ ವರ್ಗಾವಣೆ. ಮನೆಗೆಲಸಕ್ಕೆ ಬರುವಾಕೆ ಎಲ್ಲಿಂದ ಒಕ್ಕಲೆದ್ದು ಬಂದವಳು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಇದರ ಇನ್ನೊಂದು ತುದಿ ಊರಿನಲ್ಲಿದೆ. ಕರ್ನಾಟಕದಲ್ಲಿ 1951ರ ಕಾಗೋಡು ಸತ್ಯಾಗ್ರಹದಿಂದ ಗಟ್ಟಿಯಾದ ‘ಉಳುವವನೇ ಹೊಲದೊಡೆಯ’ ಎಂಬ ಮಾತು 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ, ದೇವರಾಜ ಅರಸರ ಕಾಲದಲ್ಲಿ, ಕಾನೂನಾಯಿತು. ಅದೇ ಕಾಯಿದೆಯಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ಕಟ್ಟುಪಾಡುಗಳಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಈಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ಎಕರೆ ಫಾರಂ, ವಾರಾಂತ್ಯಕ್ಕೆ ಮನೆ, ನೋಡಿಕೊಳ್ಳಲು ಒಂದು ಸಂಸಾರ ಎಂಬ ಜಾಹೀರಾತು ಬರುತ್ತದೆ. ಕೊಳ್ಳುವುದು ಅಪರಾಧವಲ್ಲ, ನನಗೂ ಆಸೆ ಇದೆ. ಆದರೆ ಆ ‘ನೋಡಿಕೊಳ್ಳುವ ಸಂಸಾರ’ಕ್ಕೆ ಹಳೆಯ ಕನ್ನಡದಲ್ಲಿ ಒಂದು ಹೆಸರಿತ್ತು ಎನ್ನುವುದು ನಮಗೆ ನೆನಪಿರಬೇಕು. ನಾಳೆ ಆ ತೋಟ ನಮ್ಮ ಮಕ್ಕಳಿಗೆ ಹೋದಾಗ ಅದು ಅವರ ಅಪ್ಪನದೇ ಆಗಿರುತ್ತದೆ.

ಆದ್ದರಿಂದ ಜಹಗೀರು ಎಂಬ ಶಬ್ದವನ್ನು ಬೈಗುಳದಿಂದ ಸ್ವಲ್ಪ ಬಿಡಿಸಿ ಬಳಸೋಣ ಎಂದು ನನ್ನ ಕೋರಿಕೆ. ಒಂದು ಪೀಠದ ಬಗ್ಗೆ, ಪತ್ರಿಕೆಯ ಬಗ್ಗೆ, ಪ್ರಶಸ್ತಿಯ ಬಗ್ಗೆ, ಸಂಘದ ಬಗ್ಗೆ ಮಾತಾಡುವಾಗ ಅದು ಯಾರಪ್ಪನದು ಎಂಬುದು ಮೊದಲ ಪ್ರಶ್ನೆ, ಇರಲಿ. ಎರಡನೆಯದನ್ನೂ ಕೇಳೋಣ: ಇದನ್ನು ಉತ್ತವರು ಯಾರು? ಪುಸ್ತಕದ ಕಟ್ಟು ಹೊತ್ತವರು, ಕರಡು ತಿದ್ದಿದವರು, ಭಾನುವಾರ ಕನ್ನಡ ಕಲಿ ತರಗತಿಗೆ ಮಕ್ಕಳನ್ನು ಕೂಡಿಸಿದವರು, ಸಭಾಂಗಣದ ಕುರ್ಚಿ ಜೋಡಿಸಿದವರು. ಅವರ ಹೆಸರು ಬರೆಯಲು ನಮಗೆ ಒಂದು ನಾಮಪದ ಬೇಕು. ಒಕ್ಕಲು ಎಂಬ ಶಬ್ದ ಕನ್ನಡದಲ್ಲಿ ಇದ್ದೇ ಇದೆ. ಅದನ್ನು ‘ಎಬ್ಬಿಸು’ ಎಂಬುದರ ಜೊತೆ ಕಟ್ಟದೆಯೂ ಬಳಸಬಹುದು.